ಸೊಕೊಬಾನ್: ಪೆಟ್ಟಿಗೆ ತಳ್ಳಿ, ಗೆಳೆಯರಿಗೂ ಕಳಿಸಿ

ಗೋದಾಮಿನಲ್ಲಿ ಒಬ್ಬ ಕೆಲಸಗಾರ, ಕೆಲವು ಪೆಟ್ಟಿಗೆಗಳು, ಅಷ್ಟೇ ಗುರಿ ಮನೆಗಳು. ಎಲ್ಲ ಪೆಟ್ಟಿಗೆಗಳನ್ನೂ ಗುರಿಗೆ ಸೇರಿಸಿದರೆ ಗೆದ್ದಂತೆ. ಜಪಾನಿನ ಹಿರೊಯುಕಿ ಇಮಾಬಯಾಶಿ 1981ರಲ್ಲಿ ರೂಪಿಸಿದ ಸೊಕೊಬಾನ್ ಇಷ್ಟೇ. ಮರುವರ್ಷ ಥಿಂಕಿಂಗ್ ರ್‍ಯಾಬಿಟ್ ಕಂಪನಿ ಇದನ್ನು ಮಾರಾಟಕ್ಕೆ ತಂದಿತು. ಈಗ ಫೋನಿನಲ್ಲೂ ಬ್ರೌಸರಿನಲ್ಲೂ ಪುಕ್ಕಟೆ ಸಿಗುತ್ತದೆ. ಒಬ್ಬರೇ ಆಡುವ ಆಟ ನಿಜ. ಆದರೆ ಬೋರ್ಡ್ ಕಳಿಸಿ, ಉತ್ತರ ತರಿಸಿಕೊಂಡು ಆಡಿದರೇ ಇದರ ರುಚಿ ಜಾಸ್ತಿ.

ಮೊದಲು ನಿಯಮ. ಪೆಟ್ಟಿಗೆಯನ್ನು ತಳ್ಳಬಹುದು, ಎಳೆಯುವಂತಿಲ್ಲ. ಒಂದು ಸಲಕ್ಕೆ ಒಂದೇ ಪೆಟ್ಟಿಗೆ. ಓರೆಯಾಗಿ ನಡೆಯುವಂತಿಲ್ಲ. ಈ ಪುಟ್ಟ ಬೋರ್ಡ್ ನೋಡಿ:

#######
#.----#
#-$---#
#---@-#
#######

# ಅಂದರೆ ಗೋಡೆ, @ ಕೆಲಸಗಾರ, $ ಪೆಟ್ಟಿಗೆ, ಚುಕ್ಕಿ ಗುರಿ, ಅಡ್ಡಗೆರೆ ಖಾಲಿ ಮನೆ. ಗುರಿಯ ಮೇಲೆ ಕೂತ ಪೆಟ್ಟಿಗೆಗೆ * ಹಾಕುತ್ತಾರೆ.

ತಳ್ಳುವ ಮೊದಲು ಸತ್ತ ಮನೆಗಳನ್ನು, ಅಂದರೆ ಪೆಟ್ಟಿಗೆ ಹೋದರೆ ಮತ್ತೆ ಗುರಿ ಮುಟ್ಟಲಾಗದ ಮನೆಗಳನ್ನು, ಹುಡುಕಿ. ಇದೇ ಆಟದ ಜೀವಾಳ. ಗುರಿಯಿಲ್ಲದ ಮೂಲೆಗೆ ಪೆಟ್ಟಿಗೆ ಹೋದರೆ ಮತ್ತೆ ಬರುವುದಿಲ್ಲ. ಗೋಡೆಯೂ ಹಾಗೆಯೇ. ಮೇಲಿನ ಬೋರ್ಡ್‌ನಲ್ಲಿ ಪೆಟ್ಟಿಗೆ ಬಲಗೋಡೆಗೆ ತಾಗಿದರೆ ಮೇಲೆ ಕೆಳಗೆ ಮಾತ್ರ ಸರಿಯುತ್ತದೆ, ಆ ಸಾಲಿನಲ್ಲಿ ಗುರಿಯೇ ಇಲ್ಲ. ಕೆಳಗಿನ ಗೋಡೆಗೆ ತಾಗಿದರೂ ಅದೇ ಕಥೆ. ಮೇಲಿನ ಗೋಡೆ, ಎಡಗೋಡೆಗಳ ಪಕ್ಕ ಮಾತ್ರ ಭಯವಿಲ್ಲ, ಗುರಿ ಅಲ್ಲೇ ಇದೆ. ದೊಡ್ಡ ಬೋರ್ಡ್‌ಗಳಲ್ಲಿ ಇನ್ನೊಂದು ಅಪಾಯವಿದೆ: ಗೋಡೆಗೆ ಒತ್ತಿ ಎರಡು ಪೆಟ್ಟಿಗೆ ಅಕ್ಕಪಕ್ಕ ಸೇರಿದರೆ ಎರಡೂ ಅಲುಗಾಡುವುದಿಲ್ಲ.

ನಂತರ ಹಿಂದಿನಿಂದ ಯೋಚಿಸಿ. ಪೆಟ್ಟಿಗೆ ಗುರಿ ಸೇರಿದೆ ಅಂದುಕೊಂಡು, ಅದನ್ನು ಹಿಂದಕ್ಕೆ ಎಳೆದರೆ ಎಲ್ಲಿಂದ ಬಂದಿರಬೇಕು ಅಂತ ನೋಡಿ. ಇಲ್ಲಿ ಬಲಗಡೆಯಿಂದ ಅಥವಾ ಕೆಳಗಿನಿಂದ, ಬೇರೆ ದಾರಿಯಿಲ್ಲ. ಹಲವು ಗುರಿಗಳಿದ್ದರೆ ಒಳಗಿನ ಮನೆಯನ್ನು ಮೊದಲು ತುಂಬಿಸಿ, ಬಾಗಿಲ ಹತ್ತಿರದ್ದನ್ನು ಕೊನೆಗೆ.

ಉತ್ತರ ಹೀಗೆ: ಎಡಕ್ಕೆ ಎರಡು ಹೆಜ್ಜೆ, ಮೇಲಕ್ಕೆ ತಳ್ಳಿ, ಬಲಕ್ಕೆ ಒಂದು, ಮೇಲಕ್ಕೆ ಒಂದು, ಎಡಕ್ಕೆ ತಳ್ಳಿ. ಒಟ್ಟು 6 ನಡೆ, ಅದರಲ್ಲಿ 2 ತಳ್ಳುವಿಕೆ. ಅಷ್ಟೇ ನಡೆಗಳಲ್ಲಿ ಇನ್ನೊಂದು ದಾರಿಯೂ ಇದೆ, ಹುಡುಕಿ ನೋಡಿ. ತಪ್ಪಾದರೆ ಅನ್‌ಡೂ ಒತ್ತಲು ಸಂಕೋಚ ಬೇಡ. ಉತ್ತರದ ವಿಡಿಯೋ ಮಾತ್ರ ನೋಡಬೇಡಿ, ಆಟದ ಸುಖವೇ ಹೋಗುತ್ತದೆ.

ಇನ್ನು ಕಳಿಸುವುದು. ಬೋರ್ಡ್ ಬರೀ ಅಕ್ಷರವಾದ್ದರಿಂದ ವಾಟ್ಸ್ಆ್ಯಪ್‌ನಲ್ಲೇ ಕಳಿಸಬಹುದು. ಆದರೆ ಸುಮ್ನೆ ಪೇಸ್ಟ್ ಮಾಡಿದರೆ ಸಾಲುಗಳು ಓರೆಯಾಗುತ್ತವೆ, * ಗುರುತು ಅಕ್ಷರವನ್ನು ದಪ್ಪ ಮಾಡಿಬಿಡಬಹುದು. ಬೋರ್ಡ್‌ನ ಹಿಂದೆ ಮುಂದೆ ಮೂರು ಮೂರು ಬ್ಯಾಕ್‌ಟಿಕ್ (` ಗುರುತು) ಹಾಕಿ, ಎಲ್ಲ ಸರಿಯಾಗಿ ಕೂರುತ್ತದೆ. ಉತ್ತರವನ್ನು ಇಂಗ್ಲಿಷಿನ ಎಲ್, ಆರ್, ಯು, ಡಿ ಅಕ್ಷರಗಳಲ್ಲಿ ಬರೆಯುವುದು ರೂಢಿ: ಎಡ, ಬಲ, ಮೇಲೆ, ಕೆಳಗೆ. ನಡೆದರೆ ಸಣ್ಣಕ್ಷರ, ತಳ್ಳಿದರೆ ದೊಡ್ಡಕ್ಷರ.

ಪಂದ್ಯ ಕಟ್ಟುವುದಾದರೆ ಮೊದಲೇ ಮಾತಾಡಿಕೊಳ್ಳಿ: ಕಡಿಮೆ ನಡೆಯವರು ಗೆಲ್ಲಬೇಕೋ, ಕಡಿಮೆ ತಳ್ಳಿದವರೋ? ಎಷ್ಟೋ ಬೋರ್ಡ್‌ಗಳಲ್ಲಿ ಈ ಎರಡರ ಉತ್ತರ ಬೇರೆ ಬೇರೆ. ನನ್ನ ಒಲವು ಎರಡನೆಯದಕ್ಕೆ, ಅಲ್ಲಿ ಯೋಚನೆ ಜಾಸ್ತಿ ಬೇಕು. ಹೊಸಬರಿಗೆ ‘ಮೈಕ್ರೋಬಾನ್’ ಎಂಬ ಸಣ್ಣ ಬೋರ್ಡ್‌ಗಳ ಕಟ್ಟು ಒಳ್ಳೆಯದು. ನಿಮ್ಮದೇ ಬೋರ್ಡ್ ಮಾಡಿದ್ದರೆ, ಕಳಿಸುವ ಮುಂಚೆ ನೀವೇ ಒಮ್ಮೆ ಪೂರ್ತಿ ಬಿಡಿಸಿ, ಆ ಉತ್ತರವನ್ನು ಬರೆದಿಟ್ಟುಕೊಳ್ಳಿ.