ರೆಡ್ ನದಿಯ ದಂಡೆಯ ಸರೋವರ ಜೇಡಿ: ಬಲವನ್ನು ಅಳೆಯುವ ಕ್ರಮ

ಅಮೆರಿಕದ ಫಾರ್ಗೋ, ಗ್ರ್ಯಾಂಡ್ ಫೋರ್ಕ್ಸ್ ಊರುಗಳನ್ನು ಹಾದು ಉತ್ತರಕ್ಕೆ ಹರಿಯುವ ರೆಡ್ ನದಿಯ ದಂಡೆಗಳಲ್ಲಿ ಹೆಚ್ಚಿನ ಭಾಗ, ಹಿಮಯುಗದ ಕೊನೆಯಲ್ಲಿ ಅಲ್ಲಿ ಹರಡಿದ್ದ ಅಗಾಸಿ ಸರೋವರದ ತಳದಲ್ಲಿ ಕೂತ ಕೆಸರು. ಇಂಥ ದಂಡೆ ಕುಸಿಯುವುದೇ ಎಂದು ಲೆಕ್ಕ ಹಾಕುವವರು ಕಣ್ಣಿಗೆ ಕಾಣುವ ಮೇಲ್ಪದರವನ್ನು ನಂಬಬಾರದು. ಶೆರಾಕ್ ಎಂಬ ಆ ಪದರದಲ್ಲಿ ಹೂಳು ಮತ್ತು ಜೇಡಿಯ ತೆಳು ಪಟ್ಟೆಗಳಿದ್ದು, ಒಣಗಿ ಗಟ್ಟಿಯಾಗಿರುತ್ತದೆ. ಅದರ ಕೆಳಗಿನ ಬ್ರೆನ್ನಾ ಕಡುಬೂದು ಬಣ್ಣದ ಮೆತ್ತನೆಯ ಜೇಡಿ, ಆಳದ ಜಾರುವಿಕೆಗಳು ಸಾಮಾನ್ಯವಾಗಿ ಹಾದುಹೋಗುವುದು ಅಲ್ಲಿಯೇ.

ಆದ್ದರಿಂದ ಕೊಳವೆ ರಂಧ್ರವನ್ನು ನದಿಯ ತಳಕ್ಕಿಂತ ಕೆಳಗೆ, ಬ್ರೆನ್ನಾ ಮುಗಿಯುವವರೆಗೂ ಇಳಿಸಬೇಕು. ಮಾದರಿಯನ್ನು ತೆಳುಗೋಡೆಯ ಶೆಲ್ಬಿ ಟ್ಯೂಬಿನಲ್ಲಿ ತೆಗೆದು, ಎರಡೂ ತುದಿಗಳಿಗೆ ಮೇಣ ಹಾಕಿ, ತೇವ ಆರದಂತೆ ಪ್ರಯೋಗಾಲಯಕ್ಕೆ ಒಯ್ಯಬೇಕು.

ಅಲ್ಲಿ ಮೊದಲ ಕೆಲಸ ತೇವಾಂಶ ಮತ್ತು ಮಿತಿಗಳ ಪರೀಕ್ಷೆ. ಗಾಜಿನ ಹಲಗೆಯ ಮೇಲೆ ಅಂಗೈಯಿಂದ ಹೊಸೆದ ಮಣ್ಣಿನ ಎಳೆ ಸುಮಾರು 3 ಮಿಲಿಮೀಟರ್ ದಪ್ಪಕ್ಕೆ ಬಂದಾಗ ಪುಡಿಯಾಗತೊಡಗಿದರೆ, ಆಗಿನ ತೇವಾಂಶವೇ ಪ್ಲಾಸ್ಟಿಕ್ ಮಿತಿ. ಎತ್ತಿ ಎತ್ತಿ ಬೀಳಿಸುವ ಕಾಸಗ್ರಾಂಡೆ ಬಟ್ಟಲಿನಲ್ಲಿ, ಮಣ್ಣಿನಲ್ಲಿ ಗೀರಿದ ಕಾಲುವೆ 25 ಬಡಿತಗಳಿಗೆ ಮುಚ್ಚಿಕೊಳ್ಳುವ ತೇವಾಂಶ ದ್ರವ ಮಿತಿ. ಇವೆರಡರ ನಡುವಿನ ಅಂತರ ಈ ಜೇಡಿಯಲ್ಲಿ ತುಂಬ ದೊಡ್ಡದು, ಏಕೆಂದರೆ ಇದರಲ್ಲಿ ನೀರು ಹೀರಿ ಉಬ್ಬುವ ಸ್ಮೆಕ್ಟೈಟ್ ಖನಿಜ ಹೇರಳವಾಗಿದೆ. ಉತ್ತರ ಕರ್ನಾಟಕದ ಎರೆಮಣ್ಣನ್ನು ಮಳೆಗೆ ಉಬ್ಬಿಸಿ ಬೇಸಿಗೆಯಲ್ಲಿ ಬಿರುಕು ಬಿಡಿಸುವುದೂ ಇದೇ ಖನಿಜ ವರ್ಗ. ನೆಲದಲ್ಲಿದ್ದಾಗಿನ ತೇವಾಂಶ ದ್ರವ ಮಿತಿಗೆ ಹತ್ತಿರವಾದಷ್ಟೂ ಮಣ್ಣು ದುರ್ಬಲವೆಂದು ತಿಳಿಯಬೇಕು.

ಬಲವನ್ನು ಒಂದೇ ಅಂಕಿಯಲ್ಲಿ ಹೇಳಲಾಗದು. ದಂಡೆಯ ಮೇಲೆ ಹೊಸದಾಗಿ ಮಣ್ಣು ಸುರಿದ ತಕ್ಷಣದ ಸ್ಥಿತಿಗೆ, ನೀರು ಬಸಿಯಲು ಅವಕಾಶವಿಲ್ಲದಾಗಿನ ಬಲ ಬೇಕು. ಅದಕ್ಕೆ ಕೊಳವೆ ರಂಧ್ರದಲ್ಲೇ, ಅಲಗುಗಳಿರುವ ಸಲಾಕೆಯನ್ನು ಮಣ್ಣಿಗೆ ಒತ್ತಿ ತಿರುಗಿಸಿ ಮಾಡುವ ವೇನ್ ಪರೀಕ್ಷೆ ತಕ್ಕದ್ದು. ದೀರ್ಘಕಾಲದ ಲೆಕ್ಕಕ್ಕೆ, ರಂಧ್ರಜಲದ, ಅಂದರೆ ಮಣ್ಣಿನ ಕಣಗಳ ನಡುವಿನ ನೀರಿನ, ಒತ್ತಡವನ್ನು ಅಳೆಯುತ್ತ ನಿಧಾನವಾಗಿ ನಡೆಸುವ ತ್ರಿಅಕ್ಷೀಯ ಪರೀಕ್ಷೆ (ಮಾದರಿಯನ್ನು ಸುತ್ತಲಿಂದ ಒತ್ತಿಟ್ಟು ಮೇಲಿನಿಂದ ಅದುಮುವುದು) ಬೇಕು. ಹಿಂದೆಯೇ ಜಾರಿರುವ ದಂಡೆಗಾದರೆ ಇವೆರಡೂ ಸಾಲವು. ಜಾರಿದ ಮೇಲ್ಮೈಯಲ್ಲಿ ಚಪ್ಪಟೆ ಕಣಗಳು ಒಂದೇ ದಿಕ್ಕಿಗೆ ಮಲಗಿ, ಮುರಿದ ತುಂಡಿನಲ್ಲಿ ನಯವಾದ ಹೊಳಪು ಕಾಣಿಸುತ್ತದೆ. ಅಲ್ಲಿ ಉಳಿದಿರುವ ಘರ್ಷಣಕೋನ (ಕಣಗಳ ನಡುವಿನ ತಿಕ್ಕಾಟದ ಅಳತೆ) ಮೂಲ ಕೋನಕ್ಕಿಂತ ಬಹಳ ಕಡಿಮೆ. ಅದನ್ನು, ಬಳೆಯಾಕಾರದ ಮಾದರಿಯನ್ನು ತಿರುಗಿಸುತ್ತ ಜಾರಿಸುವ ರಿಂಗ್ ಶಿಯರ್ ಯಂತ್ರದಲ್ಲಿಯೇ ಅಳೆಯಬೇಕು, ಮತ್ತು ಹಳೆಯ ಜಾರಿಕೆಯ ಗುರುತಿರುವ ಕಡೆ ಶಿಖರ ಬಲವನ್ನು (ಜಾರುವ ಮುನ್ನ ಮಣ್ಣು ತೋರುವ ಗರಿಷ್ಠ ಬಲವನ್ನು) ಬಳಸುವುದು ಅಪಾಯಕಾರಿ.

ಕೊನೆಯ ಲೆಕ್ಕವನ್ನು ನದಿ ತುಂಬಿರುವಾಗಿನ ಮಟ್ಟಕ್ಕಷ್ಟೇ ಮಾಡಿ ನಿಲ್ಲಿಸಬಾರದು. ವಸಂತದ ನೆರೆ ಇಳಿದಾಗ ದಂಡೆಗೆ ಆಸರೆಯಾಗಿದ್ದ ನೀರು ಹೋಗುತ್ತದೆ, ಆದರೆ ಜೇಡಿಯೊಳಗಿನ ನೀರು ಅಷ್ಟು ಬೇಗ ಬಸಿಯುವುದಿಲ್ಲ; 1997ರಂಥ ಮಹಾನೆರೆ ಇಳಿದ ನಂತರದ ವಾರಗಳ ಸ್ಥಿತಿಯನ್ನು ಪ್ರತ್ಯೇಕವಾಗಿಯೇ ಪರಿಶೀಲಿಸಬೇಕು. ಅದಕ್ಕೆ ಬೇಕಾದ ರಂಧ್ರಜಲದ ಒತ್ತಡವನ್ನು ಊಹಿಸುವ ಬದಲು, ಬ್ರೆನ್ನಾದೊಳಗೆ ಆ ಒತ್ತಡವನ್ನು ಅಳೆಯುವ ಪೀಜೋಮೀಟರ್ ಕೂರಿಸಿ, ನೆರೆ ಏರಿ ಇಳಿಯುವವರೆಗೂ ಓದುತ್ತ ಹೋಗಬೇಕು.