ಓಲ್ಟೇಜು ಯಾಕೆ ಬೀಳಲ್ಲ? ಬಿಎಸ್ಸಿಯಲ್ಲಿ ನರವಿಜ್ಞಾನ ಓದಿದ ನನ್ನ ಅನುಭವ

ಹಿರಿಯೂರಿನಲ್ಲಿ ಅಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರು ಸುಟ್ಟು ಬಂದರೆ ಹಳೆ ತಾಮ್ರ ಕಿತ್ತು ಹೊಸದಾಗಿ ಸುತ್ತಿ ಕೊಡುತ್ತಾರೆ. ನಾನು ಬೆಂಗಳೂರಿನಲ್ಲಿ ಬಿಎಸ್ಸಿ ಎರಡನೇ ವರ್ಷದಲ್ಲಿದ್ದಾಗ ದಸರಾಕ್ಕೆ ಊರಿಗೆ ಹೋಗಿದ್ದೆ. ನರ ಅಂದರೆ ಒಂದು ವೈರು, ಅದಕ್ಕೆ ಸುತ್ತಿಕೊಂಡಿರುವ ಮೈಲಿನ್ ಎಂಬ ಕೊಬ್ಬಿನ ಪದರವೇ ಇನ್ಸುಲೇಷನ್ ಎಂದು ಅವರಿಗೆ ಉತ್ಸಾಹದಿಂದ ವಿವರಿಸಿದೆ. ಅಪ್ಪ ಕೈಲಿದ್ದ ಕೆಲಸ ನಿಲ್ಲಿಸಿದರು.

"ಅಲ್ಲ ಕಣವ್ವ, ಎಂಟ್ನೂರು ಅಡಿ ಬೋರಿಗೆ ಸಣ್ಣ ಕೇಬಲ್ ಬಿಟ್ರೆ ಓಲ್ಟೇಜು ಬಿದ್ದು ಮೋಟ್ರು ನೀರೇ ಎತ್ತಲ್ಲ. ನಿನ್ನ ನರ ಕೂದಲಿಗಿಂತ ಸಣ್ಣ ಅಂತೀಯ. ಸೊಂಟದಿಂದ ಕಾಲ್ಬೆರಳಿಗೆ ಹೋಗೋದ್ರೊಳಗೆ ಅಲ್ಲಿ ಓಲ್ಟೇಜು ಯಾಕೆ ಬೀಳಲ್ಲ?"

ನನಗೆ ಗೊತ್ತಿರಲಿಲ್ಲ. ಅದೇ ಅಧ್ಯಾಯದಲ್ಲಿ ಒಳ್ಳೆ ಅಂಕ ತೆಗೆದಿದ್ದೆ.

ನಾನು ಓದಿದ್ದು ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ. ನರಮಂಡಲ ಅದರಲ್ಲಿ ಒಂದು ಪಾಠ ಅಷ್ಟೆ. ಹನ್ನೆರಡು ಕಪಾಲ ನರಗಳ ಹೆಸರು, ಮೆದುಳಿನ ಭಾಗಗಳ ಹೆಸರು ಎಲ್ಲವನ್ನೂ ಬಾಯಿಪಾಠ ಮಾಡಿದ್ದೆ. ಅಪ್ಪನ ಪ್ರಶ್ನೆಗೆ ಆ ಹೆಸರುಗಳಲ್ಲಿ ಒಂದೂ ಒದಗಲಿಲ್ಲ. ಬೆಂಗಳೂರಿಗೆ ವಾಪಸಾದ ಮೇಲೆ ಮೆದುಳನ್ನು ಬದಿಗಿಟ್ಟು ಒಂದೇ ಒಂದು ಜೀವಕೋಶದ ಪೊರೆಯಿಂದ ಶುರು ಮಾಡಿದೆ. ಈ ವಿಷಯ ಓದಬೇಕೆನ್ನುವವರಿಗೆ ನಾನು ಇವತ್ತಿಗೂ ಹೇಳುವುದು ಇದನ್ನೇ: ಹೆಸರು ಆಮೇಲೆ ಕಲಿಯಿರಿ, ಮೊದಲು ಪೊರೆಯ ವೋಲ್ಟೇಜ್ ಎಲ್ಲಿಂದ ಬರುತ್ತದೆ ಎಂದು ಕೈಯಾರೆ ಲೆಕ್ಕ ಮಾಡಿ.

ಪಿಯುಸಿ ಮುಗಿದ ಮೇಲೆ ಗಣಿತ ಬಿಟ್ಟವಳು ನಾನು. ಲಾಗರಿಥಮ್ ಮರೆತೇಹೋಗಿತ್ತು. ಭೌತಶಾಸ್ತ್ರದ ಮೇಡಂ ಒಬ್ಬರು ತರಗತಿಗಳೆಲ್ಲ ಮುಗಿದ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟರು. ಪೊಟ್ಯಾಸಿಯಂ ಕೋಶದ ಒಳಗೆ 140, ಹೊರಗೆ 5 ಮಿಲಿಮೋಲಾರ್ (ಇದು ಸಾಂದ್ರತೆಯ ಅಳತೆ) ಇದೆ ಅಂದುಕೊಳ್ಳಿ. ಹೊರಗಿನದನ್ನು ಒಳಗಿನದರಿಂದ ಭಾಗಿಸಿ, ಲಾಗ್ ತೆಗೆದು, 61ರಿಂದ ಗುಣಿಸಿದರೆ ಸುಮಾರು ಮೈನಸ್ 88 ಮಿಲಿವೋಲ್ಟ್ ಬರುತ್ತದೆ. ಪೊರೆ ಪೊಟ್ಯಾಸಿಯಂ ಒಂದನ್ನೇ ಬಿಟ್ಟುಕೊಟ್ಟರೆ ವೋಲ್ಟೇಜ್ ಅಲ್ಲಿಗೆ ಬಂದು ನಿಲ್ಲುತ್ತದೆ. ಸೋಡಿಯಂ ಒಳಗೆ 15, ಹೊರಗೆ 145 ಇಟ್ಟರೆ ಪ್ಲಸ್ 60. ಸುಮ್ಮನಿರುವ ನರಕೋಶದ ಮೈನಸ್ 70 ಇವೆರಡರ ನಡುವೆ, ಪೊಟ್ಯಾಸಿಯಂ ಕಡೆಗೇ ವಾಲಿಕೊಂಡು ನಿಂತಿರುತ್ತದೆ, ಏಕೆಂದರೆ ಆಗ ಪೊರೆ ಹೆಚ್ಚಾಗಿ ಬಿಟ್ಟುಕೊಡುವುದು ಪೊಟ್ಯಾಸಿಯಂ ಅನ್ನು. ಸೋಡಿಯಂ ಬಾಗಿಲು ತೆರೆದರೆ ವೋಲ್ಟೇಜ್ ಮೇಲಕ್ಕೆ ಜಿಗಿಯುತ್ತದೆ, ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಮತ್ತೆ ಕೆಳಗಿಳಿಯುತ್ತದೆ. ನರದ ಸಂಕೇತ ಎಂದರೆ ಈ ಜಿಗಿತವೇ. ನಾಲ್ಕು ವರ್ಷದಿಂದ ಬಾಯಿಪಾಠ ಹೇಳುತ್ತಿದ್ದ ಮೈನಸ್ 70 ಎಲ್ಲಿಂದ ಬರುತ್ತದೆ ಎಂಬುದು ನನ್ನದೇ ನೋಟ್‌ಬುಕ್ಕಿನ ಲೆಕ್ಕದಲ್ಲಿ ಕಂಡಾಗ ಆದ ಖುಷಿ ಇನ್ನೂ ನೆನಪಿದೆ.

ಆ ಜಿಗಿತದ ಸಮೀಕರಣಗಳನ್ನು ಬ್ರಿಟಿಷ್ ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಪ್ರಕಟಿಸಿದರು. ಅವರು ಪ್ರಯೋಗ ಮಾಡಿದ್ದು ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರತಂತುವಿನ ಮೇಲೆ. ಹಕ್ಸ್‌ಲಿ ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರದಲ್ಲೇ ಆ ಲೆಕ್ಕಗಳನ್ನು ಬಿಡಿಸಿದ್ದರು. ನಾನು ಹಾಸ್ಟೆಲಿನ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತ ಬಿಡಿಸಿದೆ. ಸಮಯವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಕತ್ತರಿಸಿ ಲೆಕ್ಕ ಮಾಡಬೇಕು. ಹೆಜ್ಜೆಗೆ 0.5 ಮಿಲಿಸೆಕೆಂಡ್ ಇಟ್ಟಿದ್ದರಿಂದ ಮೊದಲು ಬಂದ ಉತ್ತರಕ್ಕೆ ತಲೆಬುಡ ಇರಲಿಲ್ಲ. ಮೂರು ದಿನ ಸಮೀಕರಣದಲ್ಲೇ ತಪ್ಪು ಹುಡುಕಿದೆ. ತಪ್ಪು ಇದ್ದದ್ದು ಹೆಜ್ಜೆಯಲ್ಲಿ. 0.01ಕ್ಕೆ ಇಳಿಸಿದ ರಾತ್ರಿ ಪರದೆಯ ಮೇಲೆ ಚೂಪಾದ ಗೆರೆ ಎದ್ದು ಬಿತ್ತು.

ದೀಪಾವಳಿಗೆ ಹೋದಾಗ ಅಪ್ಪನಿಗೆ ಉತ್ತರ ಕೊಟ್ಟೆ. ನರದಲ್ಲೂ ವೋಲ್ಟೇಜ್ ಬೀಳುತ್ತದೆ. ಆದರೆ ಮೈಲಿನ್ ಹೊದಿಕೆ ಸುಮಾರು ಒಂದೊಂದು ಮಿಲಿಮೀಟರಿಗೆ ಕತ್ತರಿಸಿದ ಹಾಗೆ ಬರಿದಾಗಿರುತ್ತದೆ, ಅದಕ್ಕೆ ರ‍್ಯಾನ್ವಿಯರ್ ಗಂಟು ಎನ್ನುತ್ತಾರೆ. ಪ್ರತಿ ಗಂಟಿನಲ್ಲೂ ಸೋಡಿಯಂ ಒಳನುಗ್ಗಿ ಸಂಕೇತ ಪೂರ್ತಿ ಎತ್ತರಕ್ಕೆ ಮತ್ತೆ ಏಳುತ್ತದೆ.

"ಅಂದ್ರೆ ಕಂಬಕಂಬಕ್ಕೂ ಟಿಸಿ ಕೂರ್ಸವ್ರೆ" ಅಂದರು.

ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್. ಟಿಸಿ ಅಲ್ಲ, ಅಲ್ಲಲ್ಲೇ ಬ್ಯಾಟರಿ ಎಂದೆ. ಟಿಸಿಗೆ ಎಲ್ಲಿಂದಲೋ ಕರೆಂಟು ಬರಬೇಕು. ಗಂಟಿಗೆ ಹಾಗಲ್ಲ, ಪೊರೆಯಲ್ಲೇ ಇರುವ ಪಂಪು ಮೂರು ಸೋಡಿಯಂ ಹೊರಹಾಕಿ ಎರಡು ಪೊಟ್ಯಾಸಿಯಂ ಒಳತಂದು ಅದನ್ನು ಚಾರ್ಜ್ ಮಾಡುತ್ತಲೇ ಇರುತ್ತದೆ. ಪಂಪಿನ ಮಾತು ಬಂದ ಮೇಲೆ ಊಟಕ್ಕೆ ಕರೆದರೂ ಅಪ್ಪ ಏಳಲಿಲ್ಲ. ಸ್ಕ್ವಿಡ್‌ಗೆ ಮೈಲಿನ್ ಇಲ್ಲ, ಅದಕ್ಕೇ ಅದು ತಂತುವನ್ನೇ ದಪ್ಪ ಮಾಡಿಕೊಂಡಿದೆ ಎಂದಾಗ "ಗೇಜು ಏರ್ಸೈತೆ" ಅಂದರು. ನಿಜ. ಅರ್ಧ ಮಿಲಿಮೀಟರ್ ದಪ್ಪದ ಸ್ಕ್ವಿಡ್ ತಂತುವಿನ ವೇಗ ಸೆಕೆಂಡಿಗೆ ಸುಮಾರು 25 ಮೀಟರ್. ಅಷ್ಟೇ ವೇಗ ಕಪ್ಪೆಗೆ ಬರಲು ಮೈಲಿನ್ ಸುತ್ತಿದ 12 ಮೈಕ್ರಾನ್, ಅಂದರೆ 0.012 ಮಿಲಿಮೀಟರ್ ದಪ್ಪದ ತಂತು ಸಾಕು.

ಆಮೇಲೆ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯಕ್ಕೆ ಹೋದೆ. ಅಲ್ಲಿ ನಿಜವಾದ ಮನುಷ್ಯನ ಮೆದುಳನ್ನು ಕೈಯಲ್ಲಿ ಹಿಡಿಯಲು ಕೊಡುತ್ತಾರೆ. ಕೊಯ್ದಿಟ್ಟ ಮೆದುಳಿನಲ್ಲಿ ಹೊರಗಡೆ ಬೂದು ಅಂಚು, ಒಳಗೆಲ್ಲ ಬಿಳುಪು. ಆ ಬಿಳುಪೇ ಮೈಲಿನ್. ಪುಸ್ತಕದಲ್ಲಿ ಅದನ್ನು ಓದಿದ್ದೆ, ಆದರೆ ಅದು ಇಷ್ಟೊಂದು ಇರುತ್ತದೆ ಎಂಬ ಅಂದಾಜಿರಲಿಲ್ಲ. ಸುಮ್ಮನೆ ನೋಡುತ್ತ ನಿಂತುಬಿಟ್ಟೆ.

ಡಿಗ್ರಿಯ ಹೆಸರಿನಲ್ಲಿ ನರವಿಜ್ಞಾನ ಇಲ್ಲವೆಂದು ಕೊರಗುವವರಿಗೆ ಒಂದು ಮಾತು. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ, ಎರಡು ತಿಂಗಳು ಪ್ರಯೋಗಾಲಯದಲ್ಲಿ ಕೆಲಸ ಮಾಡಬಹುದು. ನನಗೆ ಮೊದಲ ಸಲ ಸಿಗಲಿಲ್ಲ. ಎರಡನೇ ಸಲ ಅರ್ಜಿಯಲ್ಲಿ ಆಸಕ್ತಿಯ ಬಗ್ಗೆ ದೊಡ್ಡ ಮಾತು ಬರೆಯದೆ ಆ ಲೆಕ್ಕ, ಆ ಹೆಜ್ಜೆಯ ತಪ್ಪು, ತಿದ್ದಿದ ರೀತಿ ಇಷ್ಟನ್ನೇ ಬರೆದೆ. ಸಿಕ್ಕಿತು.

ಕೊನೆ ವರ್ಷದ ಯುಗಾದಿಗೆ ಅಪ್ಪ ಇನ್ನೊಂದು ಪ್ರಶ್ನೆ ಇಟ್ಟುಕೊಂಡು ಕಾಯುತ್ತಿದ್ದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯಲ್ಲಿ ಮೈಲಿನ್ ಹಾಳಾಗುತ್ತದೆ ಎಂದು ಹಿಂದೊಮ್ಮೆ ಹೇಳಿದ್ದೆ. "ಸುಟ್ಟ ಮೋಟ್ರನ್ನ ನಾವು ಸುತ್ತತೀವಿ. ಅದನ್ನ ತಿರುಗಿ ಸುತ್ತೋಕಾಗಲ್ವೇನವ್ವ?"

ಮೈಲಿನ್ ಆಗುವುದೇ ಸುತ್ತಿನಿಂದ. ಒಂದು ಪೋಷಕ ಕೋಶ ತನ್ನ ಪೊರೆಯನ್ನು ತಂತುವಿಗೆ ಸುತ್ತುಸುತ್ತಾಗಿ ಸುತ್ತುತ್ತದೆ. ಹಾಳಾದ ಮೇಲೂ ಕೆಲವು ಕಡೆ ಮತ್ತೆ ಸುತ್ತುತ್ತದೆ, ಆದರೆ ಮೊದಲಿಗಿಂತ ತೆಳ್ಳಗೆ. ಯಾಕೆ ತೆಳ್ಳಗೆ ಎಂದು ಅಪ್ಪ ಕೇಳಿದರು. ಎಂಎಸ್ಸಿ ಅರ್ಜಿಯಲ್ಲಿ ಅದನ್ನೇ ನನ್ನ ಪ್ರಶ್ನೆ ಎಂದು ಬರೆದೆ.