ವಿಶ್ವವಿದ್ಯಾಲಯದ ಕಾನೂನು ಗ್ರಂಥಾಲಯಕ್ಕೆ ಹೊರಗಿನವರು ಹೋಗುವ ಬಗೆ

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮವರಿಗೆ ಬಾಡಿಗೆ ಕರಾರು, ಠೇವಣಿ, ವೀಸಾ ಅಥವಾ ಸಂಬಳದ ವಿಷಯದಲ್ಲಿ ತೊಡಕು ಎದುರಾದಾಗ ಸಾಮಾನ್ಯವಾಗಿ ಎರಡೇ ದಾರಿಗಳು ಕಾಣಿಸುತ್ತವೆ. ಒಂದು, ವಾಟ್ಸ್ಆಪ್ ಗುಂಪಿನಲ್ಲಿ ಕೇಳುವುದು. ಇನ್ನೊಂದು, ಗಂಟೆಯ ಲೆಕ್ಕದಲ್ಲಿ ಶುಲ್ಕ ಪಡೆಯುವ ವಕೀಲರ ಬಳಿಗೆ ಹೋಗುವುದು. ಇವೆರಡರ ನಡುವೆ ಮೂರನೆಯದೊಂದು ಬಾಗಿಲಿದೆ ಎಂಬುದು ನನಗೂ ಬಂದ ಎಷ್ಟೋ ವರ್ಷಗಳವರೆಗೆ ತಿಳಿದಿರಲಿಲ್ಲ. ಅದು ನಿಮ್ಮ ಊರಿನ ವಿಶ್ವವಿದ್ಯಾಲಯದ ಕಾನೂನು ಗ್ರಂಥಾಲಯ. ಅದು ವಿದ್ಯಾರ್ಥಿಗಳಿಗೂ ಪ್ರಾಧ್ಯಾಪಕರಿಗೂ ಮಾತ್ರ ಮೀಸಲೆಂದು ನಾವೇ ಊಹಿಸಿಕೊಂಡು ಹೊರಗೆ ನಿಂತುಬಿಡುತ್ತೇವೆ.

ಒಳಗೆ ಹೋಗುವುದಕ್ಕೆ ಎಷ್ಟೋ ಕಡೆ ಕಾನೂನಿನ ಆಧಾರವೇ ಇದೆ. ಕೇಂದ್ರ ಸರ್ಕಾರ ತನ್ನ ಅಧಿನಿಯಮಗಳು, ನಿಯಮಗಳು ಮತ್ತು ವರದಿಗಳನ್ನು ದೇಶದಾದ್ಯಂತ ಆಯ್ದ ಗ್ರಂಥಾಲಯಗಳಿಗೆ ಉಚಿತವಾಗಿ ಕಳುಹಿಸಿಕೊಡುತ್ತದೆ. ಇವುಗಳಿಗೆ ಫೆಡರಲ್ ಡೆಪಾಸಿಟರಿ ಗ್ರಂಥಾಲಯಗಳೆಂದು ಹೆಸರು. ಹಾಗೆ ಪಡೆದ ಸರ್ಕಾರಿ ಪ್ರಕಟಣೆಗಳನ್ನು ಸಾರ್ವಜನಿಕರ ಉಚಿತ ಬಳಕೆಗೆ ಒದಗಿಸಬೇಕೆಂದು ಯು.ಎಸ್. ಕೋಡ್‌ನ (ಕೇಂದ್ರದ ಅಧಿನಿಯಮಗಳ ಸಂಗ್ರಹದ) 44ನೇ ಶೀರ್ಷಿಕೆಯ 1911ನೇ ಸೆಕ್ಷನ್ ವಿಧಿಸುತ್ತದೆ. ಮಾನ್ಯತೆ ಪಡೆದ ಕಾನೂನು ಕಾಲೇಜುಗಳ ಗ್ರಂಥಾಲಯಗಳಿಗೂ ಈ ಸ್ಥಾನ ಪಡೆಯುವ ಅವಕಾಶ 1978ರಲ್ಲಿ ದೊರೆಯಿತು. ಬಾಗಿಲ ಗಾಜಿನ ಮೇಲೆ ಹದ್ದಿನ ಲಾಂಛನವಿರುವ ಚಿಕ್ಕ ಚೀಟಿ ಅಂಟಿಸಿದ್ದರೆ ಅದು ಇಂಥದ್ದೇ ಗ್ರಂಥಾಲಯವೆಂದು ತಿಳಿಯಿರಿ. ನೀವು ಈ ದೇಶದ ಪ್ರಜೆಯೇ, ನಿಮ್ಮ ವೀಸಾ ಯಾವುದು ಎಂಬ ಪ್ರಶ್ನೆ ಇಲ್ಲಿ ಹುಟ್ಟುವುದಿಲ್ಲ.

ಆದರೆ ಈ ಹಕ್ಕಿನ ಗಡಿಯನ್ನೂ ತಿಳಿದಿರಬೇಕು. ಅದು ಸರ್ಕಾರಿ ಪ್ರಕಟಣೆಗಳಿಗಷ್ಟೇ ಸಂಬಂಧಿಸಿದ್ದು. ಓದುವ ಕೋಣೆಗಳು, ಪಠ್ಯಪುಸ್ತಕಗಳು, ಹಣ ತೆತ್ತು ತರಿಸುವ ದತ್ತಸಂಚಯಗಳು ಇವೆಲ್ಲ ಗ್ರಂಥಾಲಯದ ವಿವೇಚನೆಗೆ ಬಿಟ್ಟವು. ಎಲ್ಲ ಕಾನೂನು ಗ್ರಂಥಾಲಯಗಳೂ ಡೆಪಾಸಿಟರಿಗಳಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಉದಾರವಾಗಿರುತ್ತವೆ, ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ಬಿಗಿಯಾಗಿರುತ್ತವೆ. ಆದ್ದರಿಂದ ಹೊರಡುವ ಮುಂಚೆ ಒಮ್ಮೆ ಫೋನ್ ಮಾಡಿ, ಸಂದರ್ಶಕರಿಗೆ ಯಾವ ದಿನ, ಯಾವ ಹೊತ್ತಿನಲ್ಲಿ ಪ್ರವೇಶವಿದೆ ಎಂದು ಕೇಳಿಕೊಳ್ಳಿ. ಡಿಸೆಂಬರ್ ತಿಂಗಳಲ್ಲಿ ಮತ್ತು ಏಪ್ರಿಲ್ ಕೊನೆಯಿಂದ ಮೇ ತನಕ ಪರೀಕ್ಷೆಯ ಕಾಲ. ಆಗ ಹೊರಗಿನವರಿಗೆ ವೇಳೆ ಕಡಿಮೆ ಮಾಡುವುದು ವಾಡಿಕೆ. ಫೋಟೋ ಇರುವ ಗುರುತಿನ ಚೀಟಿ ಜೊತೆಗಿರಲಿ, ಚಾಲನಾ ಪರವಾನಗಿ ಇನ್ನೂ ಬಂದಿರದಿದ್ದರೆ ಪಾಸ್‌ಪೋರ್ಟ್ ಇರಲಿ. ಹೆಸರು ಬರೆಸಿ ಒಳಗೆ ಹೋಗುವುದು ಐದು ನಿಮಿಷದ ಕೆಲಸ. ಹೊರಗೆ ಕಾರು ನಿಲ್ಲಿಸಲು ಜಾಗ ಹುಡುಕುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಅಲ್ಲಿ ದುಡ್ಡೂ ಖರ್ಚಾಗುತ್ತದೆ.

ಒಳಗೆ ದೊರೆಯುವ ಸೌಲಭ್ಯಗಳೆಂದರೆ, ಪುಸ್ತಕಗಳನ್ನು ಅಲ್ಲಿಯೇ ಕುಳಿತು ಓದಬಹುದು, ಬೇಕಾದ ಪುಟಗಳನ್ನು ಸ್ಕ್ಯಾನ್ ಮಾಡಿ ಪೆನ್ ಡ್ರೈವ್‌ಗೆ ಹಾಕಿಕೊಳ್ಳಬಹುದು, ಅತಿಥಿಗಳಿಗೆಂದು ಇಟ್ಟ ಕಂಪ್ಯೂಟರ್ ಬಳಸಬಹುದು. ಮನೆಗೆ ಪುಸ್ತಕ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ವೆಸ್ಟ್‌ಲಾ, ಲೆಕ್ಸಿಸ್ ಎಂಬ ದೊಡ್ಡ ದತ್ತಸಂಚಯಗಳ ವಿದ್ಯಾರ್ಥಿ ಖಾತೆಗಳು ನಿಮಗೆ ಸಿಗುವುದಿಲ್ಲ, ಪರಿಚಯದ ವಿದ್ಯಾರ್ಥಿಯ ಪಾಸ್‌ವರ್ಡ್ ಕೇಳಿ ಪಡೆಯುವ ಜಾಣತನವನ್ನೂ ಮಾಡಬೇಡಿ. ಆದರೆ ಕೆಲವು ಗ್ರಂಥಾಲಯಗಳಲ್ಲಿ ಸಂದರ್ಶಕರಿಗೆಂದೇ ಇವುಗಳ ಸೀಮಿತ ಆವೃತ್ತಿ ಒಂದು ಕಂಪ್ಯೂಟರಿನಲ್ಲಿರುತ್ತದೆ. ಫಲಕ ಕಾಣದಿದ್ದರೂ ಬಾಯಿಬಿಟ್ಟು ಕೇಳಿ.

ಕೇಳುವ ವಿಷಯಕ್ಕೆ ಬಂದಾಗ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮವರು ಎಡವುವುದು ಇಲ್ಲಿಯೇ. ರೆಫರೆನ್ಸ್ ಮೇಜಿನಲ್ಲಿ ಕುಳಿತವರಲ್ಲಿ ಅನೇಕರು ಕಾನೂನು ಪದವಿಯನ್ನೂ ಗ್ರಂಥಾಲಯ ವಿಜ್ಞಾನದ ಪದವಿಯನ್ನೂ ಪಡೆದವರು. ಹಾಗಿದ್ದರೂ ಅವರು ಕಾನೂನು ಸಲಹೆ ನೀಡುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿದ್ದಾಗ ಮನೆ ಖಾಲಿ ಮಾಡಿ ತಿಂಗಳು ಕಳೆದರೂ ಮಾಲೀಕರಿಂದ ಠೇವಣಿ ಬಾರದೆ, ನಾನು ಕರಾರು ಪತ್ರವನ್ನು ಹಿಡಿದುಕೊಂಡು ಹೋಗಿ ಮೇಜಿನ ಮೇಲಿಟ್ಟು, "ಇದನ್ನು ಓದಿ ನೋಡಿ, ತಪ್ಪು ಯಾರದು ಹೇಳಿ" ಎಂದು ಕೇಳಿದ್ದೆ. ಅಲ್ಲಿದ್ದ ಗ್ರಂಥಪಾಲಕಿ ಆ ಹಾಳೆಗಳತ್ತ ಕಣ್ಣೂ ಹಾಯಿಸದೆ, ಎರಡು ಬೆರಳಿನಿಂದ ಮೆಲ್ಲಗೆ ನನ್ನ ಕಡೆಗೆ ಸರಿಸಿ, "ಬಾಡಿಗೆ ಠೇವಣಿಯ ಬಗ್ಗೆ ಈ ರಾಜ್ಯದ ಕಾನೂನು ಎಲ್ಲಿದೆ ಎಂದು ತೋರಿಸಲೇ?" ಎಂದರು. ಮೊದಲಿಗೆ ನನಗೆ ಬೇಸರವಾಯಿತು. ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ಅವರೇ ನನಗೆ ಕೊಟ್ಟಿದ್ದರೆಂಬುದು ಆಮೇಲೆ ಹೊಳೆಯಿತು. "ನಾನು ಏನು ಮಾಡಲಿ?" ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ, "ಇದರ ಬಗ್ಗೆ ಕಾನೂನು ಎಲ್ಲಿದೆ, ಅದನ್ನು ವಿವರಿಸುವ ಪುಸ್ತಕ ಯಾವುದು, ಇದೇ ಬಗೆಯ ತೀರ್ಪುಗಳನ್ನು ಹುಡುಕುವುದು ಹೇಗೆ?" ಎಂಬುದಕ್ಕೆ ಎಷ್ಟು ಬೇಕಾದರೂ ಉತ್ತರವಿದೆ.

ಅವರು ತೋರಿಸಿದ್ದು ರಾಜ್ಯದ ಸಿವಿಲ್ ಕೋಡ್‌ನ ಟಿಪ್ಪಣಿಸಹಿತ ಸಂಪುಟವನ್ನು. ಅದರ 1950.5ನೇ ಸೆಕ್ಷನ್ ಪ್ರಕಾರ, ಬಾಡಿಗೆದಾರ ಮನೆ ಬಿಟ್ಟ 21 ದಿನಗಳೊಳಗೆ ಮಾಲೀಕ ಠೇವಣಿಯನ್ನು ಮರಳಿಸಬೇಕು, ಮುರಿದುಕೊಂಡಿದ್ದರೆ ಯಾವುದಕ್ಕೆ ಎಷ್ಟೆಂದು ಬಿಡಿಸಿ ಲೆಕ್ಕ ಕೊಡಬೇಕು. ನಾನು ಸೆಕ್ಷನ್ ಅನ್ನು ಬರೆದುಕೊಂಡು ಏಳುವಷ್ಟರಲ್ಲಿ ಆಕೆ ಮತ್ತೆ ಬಂದು ಸಂಪುಟದ ಹಿಂಬದಿಯ ರಟ್ಟನ್ನು ತೆರೆದರು. ಅದರೊಳಗೊಂದು ಸೀಳು ಜೇಬು, ಅದರಲ್ಲಿ ಸಿಕ್ಕಿಸಿದ ತೆಳ್ಳನೆಯ ಪುಸ್ತಿಕೆ. ಇದನ್ನು ಪಾಕೆಟ್ ಪಾರ್ಟ್ ಎನ್ನುತ್ತಾರೆ. ಸಂಪುಟ ಅಚ್ಚಾದ ನಂತರ ಆದ ತಿದ್ದುಪಡಿಗಳು ವರ್ಷಕ್ಕೊಮ್ಮೆ ಇದರಲ್ಲಿ ಬರುತ್ತವೆ. ಇದನ್ನು ನೋಡದೆ ದಪ್ಪ ಪುಸ್ತಕವನ್ನಷ್ಟೇ ಓದಿ ಬರುವವನು ರದ್ದಾದ ಕಾನೂನನ್ನು ಹಿಡಿದುಕೊಂಡು ಜಗಳಕ್ಕೆ ಹೋಗುವ ಸಾಧ್ಯತೆ ಇರುತ್ತದೆ. ಇದೇ ಠೇವಣಿಯ ಕಾನೂನಿಗೆ ಆಮೇಲೂ ತಿದ್ದುಪಡಿಗಳಾಗಿವೆ. 2024ರ ಜುಲೈ 1ರಿಂದ ಅಲ್ಲಿ ಬಹುಪಾಲು ಮಾಲೀಕರು ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ನೀವಿರುವ ರಾಜ್ಯದ ಲೆಕ್ಕ ಬೇರೆಯಿರುತ್ತದೆ, ಆದ್ದರಿಂದ ನನ್ನ ಈ ಅಂಕಿಗಳನ್ನು ನಂಬಿ ಕೂರದೆ ನಿಮ್ಮ ರಾಜ್ಯದ ಸಂಪುಟವನ್ನೇ ತೆರೆಯಿರಿ.

ತೀರ್ಪುಗಳನ್ನು ಹುಡುಕಲು ಕಲಿಯುವುದಕ್ಕೆ ನಾನು ಹೊಸಬರಿಗೆ ಸೂಚಿಸುವುದು 261 ಯು.ಎಸ್. 204 ಎಂಬ ಉಲ್ಲೇಖವನ್ನು. ಮೊದಲ ಸಂಖ್ಯೆ ಸಂಪುಟದ್ದು, ನಡುವಿನದು ಸುಪ್ರೀಂ ಕೋರ್ಟಿನ ಅಧಿಕೃತ ತೀರ್ಪುಮಾಲೆಯ ಹೆಸರು, ಕೊನೆಯದು ಪುಟ. ಇಷ್ಟು ತಿಳಿದರೆ ಯಾರನ್ನೂ ಕೇಳದೆ ಕಪಾಟಿನಿಂದ ತೀರ್ಪನ್ನು ತೆಗೆಯಬಹುದು. ಆ ಪುಟದಲ್ಲಿರುವುದು 1923ರ ಭಗತ್ ಸಿಂಗ್ ಥಿಂದ್ ಪ್ರಕರಣ. ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಈ ಪಂಜಾಬಿ, ಬಿಳಿಯನಲ್ಲವೆಂಬ ಕಾರಣಕ್ಕೆ ಪೌರತ್ವಕ್ಕೆ ಅರ್ಹನಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು. ಭಾರತೀಯರಿಗೆ ಪೌರತ್ವದ ಬಾಗಿಲು ಮತ್ತೆ ತೆರೆದದ್ದು 1946ರ ಲೂಸ್–ಸೆಲ್ಲರ್ ಕಾಯಿದೆಯಿಂದ, ಅದೂ ವರ್ಷಕ್ಕೆ ಸುಮಾರು 100 ವಲಸಿಗರ ಮಿತಿಯೊಂದಿಗೆ. ಪರದೆಯ ಮೇಲೆ ಓದುವುದಕ್ಕೂ ಆ ಹಳೆಯ ಸಂಪುಟವನ್ನು ಕೈಯಲ್ಲಿ ಹಿಡಿದು ಓದುವುದಕ್ಕೂ ವ್ಯತ್ಯಾಸವಿದೆ ಎಂದು ನನಗೆ ಈಗಲೂ ಅನಿಸುತ್ತದೆ.

ವೀಸಾ ನಿಯಮಗಳಿಗೆ ನೋಡಬೇಕಾದದ್ದು ಕೇಂದ್ರದ ನಿಯಮಾವಳಿಯ, ಅಂದರೆ ಸಿ.ಎಫ್.ಆರ್.ನ, 8ನೇ ಶೀರ್ಷಿಕೆ. ಅದರ 214.2ನೇ ಸೆಕ್ಷನ್‌ನಲ್ಲಿ ಎಫ್ ಎಂಬ ಭಾಗ ವಿದ್ಯಾರ್ಥಿಗಳದ್ದು, ಎಚ್ ಎಂಬ ಭಾಗ ಎಚ್-1ಬಿ ಮುಂತಾದ ಕೆಲಸದ ವೀಸಾಗಳದ್ದು. ಮುದ್ರಿತ ಸಂಪುಟ ಆಯಾ ವರ್ಷದ ಜನವರಿ 1ರ ಸ್ಥಿತಿಯನ್ನು ಮಾತ್ರ ತೋರಿಸುವುದರಿಂದ, ಅಲ್ಲಿಯ ಕಂಪ್ಯೂಟರಿನಲ್ಲಿ ಸರ್ಕಾರದ ಇ-ಸಿ.ಎಫ್.ಆರ್. ತೆರೆದು ಈಚಿನ ಪಾಠವನ್ನು ತಾಳೆ ನೋಡಲೇಬೇಕು. ಇಷ್ಟು ಓದಿಕೊಂಡು ಹೋದರೆ ವಕೀಲರ ಬಳಿ ಕಳೆಯುವ ಗಂಟೆ ನಿಮ್ಮ ನಿಜವಾದ ಪ್ರಶ್ನೆಗೇ ಸಲ್ಲುತ್ತದೆ. ಆದರೆ ನಿಮ್ಮ ವಲಸೆ ಅರ್ಜಿಯ ಬಗ್ಗೆ ಸಲಹೆ ನೀಡುವ ಅಧಿಕಾರವಿರುವುದು ವಕೀಲರಿಗೆ ಮತ್ತು ನ್ಯಾಯಾಂಗ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳಿಗೆ ಮಾತ್ರ. "ಎಲ್ಲ ನಾನೇ ಮಾಡಿಸಿಕೊಡುತ್ತೇನೆ" ಎನ್ನುವ ಏಜೆಂಟರಿಂದ ದೂರವಿರಿ. ಅನೇಕ ಕಾನೂನು ಕಾಲೇಜುಗಳು ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಉಚಿತ ನೆರವು ಕೇಂದ್ರಗಳನ್ನು ನಡೆಸುತ್ತವೆ. ಅವು ಗ್ರಂಥಾಲಯದ ಭಾಗವಲ್ಲ, ಆದರೂ ಅವುಗಳ ವಿಳಾಸ ರೆಫರೆನ್ಸ್ ಮೇಜಿನಲ್ಲಿ ಸಿಗುತ್ತದೆ.

ಊರಿನಲ್ಲಿರುವ ಆಸ್ತಿ, ವಿವಾಹ ಅಥವಾ ಉತ್ತರಾಧಿಕಾರದ ವಿಷಯ ತಲೆಯಲ್ಲಿದ್ದರೆ, ದೊಡ್ಡ ಗ್ರಂಥಾಲಯಗಳಲ್ಲಿ ಕೆ.ಎನ್.ಎಸ್. ಎಂದು ಗುರುತಿಸಿದ ಸಾಲನ್ನು ಹುಡುಕಿ. ಅದು ಭಾರತದ ಕಾನೂನಿನ ವರ್ಗಸಂಖ್ಯೆ. ಅಮೆರಿಕದ್ದು ಕೆ.ಎಫ್.

ವಿಶ್ವವಿದ್ಯಾಲಯ ದೂರವಿದ್ದರೆ ಅಥವಾ ಅಲ್ಲಿ ಪ್ರವೇಶ ಸಿಗದಿದ್ದರೆ, ಅನೇಕ ಕೌಂಟಿಗಳಲ್ಲಿ ಸಾರ್ವಜನಿಕರಿಗೆ ತೆರೆದಿರುವ ಕಾನೂನು ಗ್ರಂಥಾಲಯಗಳಿವೆ, ಸಾಮಾನ್ಯವಾಗಿ ನ್ಯಾಯಾಲಯದ ಕಟ್ಟಡದಲ್ಲಿ ಅಥವಾ ಅದರ ಹತ್ತಿರ. ಸ್ವಂತವಾಗಿ ವ್ಯಾಜ್ಯ ನಡೆಸುವವರಿಗೆ ನಮೂನೆ ಅರ್ಜಿಗಳು ಸಿಗುವುದು ಅಲ್ಲಿಯೇ ಹೆಚ್ಚು. ಕೇಂದ್ರ ನ್ಯಾಯಾಲಯಗಳ ಕಡತಗಳನ್ನು ಪೇಸರ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಪುಟಕ್ಕೆ 10 ಸೆಂಟ್ ಕೊಟ್ಟು ನೋಡಬಹುದು, ಮೂರು ತಿಂಗಳ ಅವಧಿಯಲ್ಲಿ ಬಳಕೆ 30 ಡಾಲರ್ ಮೀರದಿದ್ದರೆ ಶುಲ್ಕ ಮನ್ನಾ.

ಇನ್ನೊಂದು ಸಣ್ಣ ವಿಷಯ: ಓದಿ ಮುಗಿಸಿದ ಸಂಪುಟಗಳನ್ನು ಮರ್ಯಾದೆಯೆಂದು ಭಾವಿಸಿ ನೀವೇ ಕಪಾಟಿಗೆ ಸೇರಿಸಲು ಹೋಗಬೇಡಿ. ಒಂದು ಸಂಪುಟ ಬೇರೆಡೆ ಸೇರಿದರೆ ಮತ್ತೆ ಸಿಗುವುದು ಕಷ್ಟ, ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕಗಳನ್ನು ಎಣಿಸಿಯೇ ಯಾವುದಕ್ಕೆ ಬಳಕೆಯಿದೆಯೆಂದು ಎಷ್ಟೋ ಕಡೆ ಸಿಬ್ಬಂದಿ ಲೆಕ್ಕವಿಡುತ್ತಾರೆ. ಹಿಂಬದಿಯ ಜೇಬಿನ ಪುಸ್ತಿಕೆಯನ್ನು ಅದರ ಜಾಗಕ್ಕೆ ಸೇರಿಸಿ, ಸಂಪುಟವನ್ನು ಮೇಜಿನ ಮೇಲೆಯೇ ಬಿಟ್ಟು ಬನ್ನಿ.